ಹ್ಯಾಮ್‌ಸ್ಟರ್‌ನಿಂದ ಶುರುವಾಗಿ ಗಿನಿಪಿಗ್‌ಗೆ ಬಂದು ನಿಂತಿದ್ದು

ರಾತ್ರಿ ಎರಡೂವರೆಗೆ ಕರಕರ ಅಂತ ಸದ್ದು. ಮೊದಲ ದಿನ ಫ್ಯಾನ್ ಕೆಟ್ಟಿದೆ ಅಂದುಕೊಂಡೆ. ಎದ್ದು ಹೋಗಿ ನೋಡಿದರೆ ಹೊಸದಾಗಿ ತಂದ ಹ್ಯಾಮ್‌ಸ್ಟರ್, ಇಲಿಯಂಥ ಪುಟ್ಟ ಸಾಕುಪ್ರಾಣಿ, ಚಕ್ರದೊಳಗೆ ಓಡುತ್ತಿದೆ. ಒಂದು ಗಳಿಗೆ ನಿಂತು ನನ್ನ ಕಡೆ ಮೂಗು ಅಲ್ಲಾಡಿಸಿತು, ಮತ್ತೆ ಶುರು ಮಾಡಿತು. ಬೆಳಗಿನ ಜಾವದವರೆಗೂ ಅದೇ ಕೆಲಸ.

ಮಗಳಿಗೆ ಆಗ ಏಳು ವರ್ಷ. ನಾಯಿ ಸಾಕಲು ನಮಗೆ ಪುರುಸೊತ್ತಿಲ್ಲ, ಬೆಕ್ಕಿನ ಕೂದಲು ನನಗೆ ಆಗಿಬರುವುದಿಲ್ಲ. ಚಿಕ್ಕದೇನಾದರೂ ತರೋಣ ಅಂತಾಯ್ತು. ಪ್ರಾಣಿ ಚಿಕ್ಕದಾದರೆ ಕೆಲಸವೂ ಚಿಕ್ಕದು ಅಂತ ನನ್ನ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪಿತು ಅಂತ ಗೊತ್ತಾಗಲು ಎರಡು ವರ್ಷ ಬೇಕಾಯ್ತು.

ಚಕ್ರದ ಸದ್ದು ದೊಡ್ಡ ಸಮಸ್ಯೆಯೇ ಅಲ್ಲ. ಗೂಡಿನ ಜೊತೆ ಬಂದಿದ್ದ ಚಕ್ರ ತೀರಾ ಚಿಕ್ಕದು, ಓಡುವಾಗ ಅದರ ಬೆನ್ನು ಹಿಂದಕ್ಕೆ ಬಾಗುತ್ತಿತ್ತು. 28 ಸೆಂಟಿಮೀಟರ್ ವ್ಯಾಸದ, ಸಂದಿಗಳಿಲ್ಲದ ಚಕ್ರ ಹಾಕಿದ ಮೇಲೆ ಸದ್ದೂ ನಿಂತಿತು, ಬೆನ್ನೂ ನೆಟ್ಟಗಾಯ್ತು. ನಿಜವಾದ ಸಮಸ್ಯೆ ಅಂದರೆ ಮಗಳು ಮಲಗುವುದು ಒಂಬತ್ತಕ್ಕೆ, ಇದು ಏಳುವುದು ಹತ್ತಕ್ಕೆ. ಶಾಲೆಯಿಂದ ಬಂದವಳು ಗೂಡಿನ ಮುಂದೆ ಕೂತು ಕಾಯುತ್ತಿದ್ದಳು, ತಡೆಯಲಾರದೆ ಒಂದು ದಿನ ಬೆರಳು ಹಾಕಿ ಎಬ್ಬಿಸಿದಳು, ಅದು ಕಚ್ಚಿತು. ನಿದ್ದೆಗಣ್ಣಿನಲ್ಲಿ ಯಾರಾದರೂ ನನ್ನನ್ನು ತಿವಿದರೆ ನಾನೂ ಕಚ್ಚುತ್ತೇನೆ, ಅದರ ತಪ್ಪೇನಿದೆ? ಪಾಪ ಒಂಟಿ ಅಂತ ಜೊತೆಗೆ ಇನ್ನೊಂದು ತರಲು ಹೊರಟಿದ್ದೆ. ಡಾಕ್ಟರ್ ತಡೆದರು. ನಮ್ಮದು ಸಿರಿಯನ್ ಹ್ಯಾಮ್‌ಸ್ಟರ್, ದೊಡ್ಡದಾದ ಮೇಲೆ ಒಂದೇ ಗೂಡಿನಲ್ಲಿ ಎರಡಿದ್ದರೆ ಸಾಯುವ ತನಕ ಕಾದಾಡುತ್ತವಂತೆ. ಎರಡು ವರ್ಷ ಎರಡು ತಿಂಗಳು ಬದುಕಿತ್ತು. ಅದರ ಆಯಸ್ಸೇ ಅಷ್ಟು. ಮಗಳಿಗೆ ಅದರ ನೆನಪು ಅಂದರೆ ಹತ್ತಿಯ ಗುಡ್ಡೆಯೊಳಗೆ ಕಾಣುತ್ತಿದ್ದ ಒಂದು ಬೆನ್ನು. (ಹತ್ತಿಯನ್ನೂ ಹಾಕಬಾರದಿತ್ತು, ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಹರಿದ ಟಿಶ್ಯೂ ಪೇಪರ್ ಸಾಕು.)

ಎರಡನೇ ಸಲ ಪ್ರಾಣಿಗಳ ಫೋಟೋ ನೋಡುವ ಬದಲು ನಮ್ಮ ಮನೆಯನ್ನೇ ನೋಡಿದೆ. ಒಂದು ಹಾಳೆಯಲ್ಲಿ ಯಾರು ಎಷ್ಟೊತ್ತಿಗೆ ಮನೆಯಲ್ಲಿರುತ್ತಾರೆ, ಎಷ್ಟೊತ್ತಿಗೆ ಮಲಗುತ್ತಾರೆ, ಬೆಳಗ್ಗೆ ಹತ್ತು ನಿಮಿಷ ಗೂಡು ಗುಡಿಸುವವರು ಯಾರು ಅಂತ ಬರೆದೆ. ಕೊನೆಯ ಪ್ರಶ್ನೆಗೆ ಎಲ್ಲರೂ ನನ್ನನ್ನೇ ನೋಡಿದರು.

ಮಗಳ ಮನಸ್ಸು ಮೊಲದ ಮೇಲಿತ್ತು. ಊರಿಗೆ ಹೊರಟಿದ್ದ ಸ್ನೇಹಿತರ ಮೊಲವನ್ನು ಒಂಬತ್ತು ದಿನ ನಾವೇ ಇಟ್ಟುಕೊಂಡೆವು. ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ, ಸಾಧ್ಯವಾದರೆ ನೀವೂ ಮಾಡಿ. ಮೊಲದ ಹೊತ್ತು ನಮಗೆ ಸರಿಹೊಂದಿತು, ಮುಂಜಾನೆ ಮತ್ತು ಸಂಜೆ ಚುರುಕಾಗಿರುತ್ತದೆ. ಟ್ರೇಯಲ್ಲೇ ಉಚ್ಚೆ ಮಾಡುತ್ತಿತ್ತು. ಆದರೆ ಎತ್ತಿಕೊಂಡರೆ ಅದಕ್ಕೆ ಸುತಾರಾಂ ಆಗುವುದಿಲ್ಲ. ಹಿಂಗಾಲಿನಲ್ಲಿ ಎಷ್ಟು ಜೋರಾಗಿ ಒದೆಯುತ್ತದೆ ಅಂದರೆ, ಸರಿಯಾಗಿ ಹಿಡಿಯದಿದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಒಂಬತ್ತು ವರ್ಷದ ಹುಡುಗಿಗೆ ಎತ್ತಬೇಡ ಅಂತ ಎಷ್ಟು ಸಲ ಹೇಳುವುದು? ಮೂರನೇ ದಿನ ನನ್ನ ಲ್ಯಾಪ್‌ಟಾಪ್ ಚಾರ್ಜರ್ ವೈರ್ ಎರಡು ತುಂಡು. ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟಾಗಿತ್ತು! ಸುಮ್ನೆ ನೆಲದ ಮೇಲೆ ಕೂತು ಪುಸ್ತಕ ಓದುತ್ತಿದ್ದರೆ ಮಾತ್ರ ತಾನೇ ಬಂದು ಮೊಣಕಾಲಿಗೆ ಗದ್ದ ಉಜ್ಜುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ತುಂಬಾ ಹಿಡಿಸಿತು. ಮಗಳಿಗೆ ಬೇಜಾರಾಯ್ತು. ಹತ್ತು ವರ್ಷ ಬದುಕುವ ಪ್ರಾಣಿ, ನನಗೊಬ್ಬನಿಗೆ ಇಷ್ಟವಾದರೆ ಸಾಲದಲ್ಲ.

ನನ್ನ ಓಟು ಇಲಿಗೆ. ಸಾಕಿದ ಇಲಿಗಳಷ್ಟು ಬುದ್ಧಿ, ಮನುಷ್ಯರ ಮೇಲೆ ಅಷ್ಟು ಪ್ರೀತಿ ಈ ಗುಂಪಿನಲ್ಲಿ ಬೇರೆ ಯಾವುದಕ್ಕೂ ಇಲ್ಲ ಅಂತ ಈಗಲೂ ಹೇಳುತ್ತೇನೆ. ಹೆಸರು ಕರೆದರೆ ಬರುತ್ತವೆ. ಆದರೆ ಹೆಂಡತಿ ಆ ಬಾಲ ನೋಡಿ, "ಅದು ಬಂದರೆ ನಾನು ಹೋಗುತ್ತೇನೆ" ಅಂದಳು. ಎರಡು ಮೂರು ವರ್ಷಕ್ಕೇ ಹೋಗಿಬಿಡುತ್ತವೆ, ಗಡ್ಡೆ ಮತ್ತು ಉಸಿರಾಟದ ಕಾಯಿಲೆ ಜಾಸ್ತಿ. ಮಗಳ ಮೊದಲ ಅಳು ಇನ್ನೂ ನೆನಪಿತ್ತು, ನಾನೂ ಹೆಚ್ಚು ವಾದ ಮಾಡಲಿಲ್ಲ. ದಟ್ಟ ತುಪ್ಪಳದ, ಇಲಿ ಜಾತಿಯ ಚಿಂಚಿಲಾ ಬಗ್ಗೆ ಯೋಚಿಸಿದ್ದು ಒಂದೇ ಸಂಜೆ. ಸೆಖೆ ತಡೆಯುವುದಿಲ್ಲ, ಹದಿನೈದು ವರ್ಷ ಬದುಕುತ್ತದೆ, ಬೇಡ.

ಹೀಗೆ ಗಿನಿಪಿಗ್ ಉಳಿಯಿತು. ಹಗಲಲ್ಲೂ ಎದ್ದಿರುತ್ತವೆ, ಕಚ್ಚುವುದು ಅಪರೂಪ, ಐದರಿಂದ ಏಳು ವರ್ಷ ಇರುತ್ತವೆ. ಒಂಟಿಯಾಗಿ ಇಡಬಾರದು ಅಂತ ಎರಡು ತಂದೆವು. ಮಾರಿದವರು ಎರಡೂ ಹೆಣ್ಣು ಅಂದರು. ಏಳು ವಾರವಾದಾಗ ಒಂದರ ಹೊಟ್ಟೆ ಪೇರಳೆ ಹಣ್ಣಿನಂತಾಯ್ತು. ನಾನು ತಿಂಡಿ ಕಡಿಮೆ ಮಾಡಲು ಹೊರಟಿದ್ದೆ, ನನ್ನ ಪುಣ್ಯಕ್ಕೆ ಮೊದಲು ಡಾಕ್ಟರಿಗೆ ತೋರಿಸಿದೆ. ಹೆತ್ತ ಕೆಲವೇ ಗಂಟೆಗಳಲ್ಲಿ ಮತ್ತೆ ಗರ್ಭ ಕಟ್ಟಬಹುದಂತೆ, ಹಾಗಾಗಿ ಗಂಡನ್ನು ಅವತ್ತೇ ಬೇರೆ ಗೂಡಿಗೆ ಹಾಕಿದೆ. ಮೂರು ಮರಿ ಹುಟ್ಟಿದವು. ಇಲಿಮರಿಯಂತೆ ಬೋಳು ಕುರುಡು ಅಲ್ಲ. ಮೈತುಂಬಾ ಕೂದಲು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತವೆ, ಮಾರನೇ ದಿನ ಒಂದು ಮರಿ ತನಗಿಂತ ಉದ್ದದ ಹುಲ್ಲಿನ ಕಡ್ಡಿ ಹಿಡಿದು ಜಗಿಯುತ್ತಿತ್ತು. ಅಪ್ಪನಿಗೆ ಆಪರೇಷನ್ ಮಾಡಿಸಿದೆವು. ಆದ ಮೇಲೂ ಆರು ವಾರ ದೂರ ಇಡಬೇಕು, ಇದನ್ನು ಮರೆತು ಎರಡನೇ ಸಲ ಮರಿ ಹಾಕಿಸಿಕೊಂಡವರಿದ್ದಾರೆ. ಎರಡು ಮರಿಗಳನ್ನು ಜೋಡಿಯಾಗಿಯೇ ಸಹೋದ್ಯೋಗಿಗೆ ಕೊಟ್ಟೆ. ಒಂದು ಹೆಣ್ಣುಮರಿಯನ್ನು ಮಗಳು ಬಿಡಲಿಲ್ಲ.

ಇವುಗಳ ಕೆಲಸ ಕಡಿಮೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಿಕ್ಕೆ ಎಣಿಸಲು ಹೋಗಬಾರದು, ಅಷ್ಟಿರುತ್ತವೆ. ನಮ್ಮ ಹಾಗೇ ಇವುಗಳ ಮೈಯಲ್ಲೂ ವಿಟಮಿನ್ ಸಿ ತಯಾರಾಗುವುದಿಲ್ಲ, ದಿನಾ ಒಂದು ತುಂಡು ದೊಣ್ಣೆಮೆಣಸಿನಕಾಯಿ ಕೊಡುತ್ತೇನೆ. ನೀರಿಗೆ ಬೆರೆಸುವ ಹನಿಗಳು ದಂಡ, ಅದರ ಸತ್ವ ಬೇಗ ಹಾಳಾಗುತ್ತದೆ. ಹಲ್ಲು ಬೆಳೆಯುತ್ತಲೇ ಇರುವುದರಿಂದ ಒಣಹುಲ್ಲು ಹಗಲು ರಾತ್ರಿ ಮುಂದಿರಬೇಕು. ಆ ಹುಲ್ಲಿನ ಧೂಳಿಗೆ ನನಗೆ ದಿನಾ ಸೀನು. ಬೆಕ್ಕು ಬೇಡ ಅಂದಿದ್ದು ಯಾತಕ್ಕೆ ಹೇಳಿ!

ಪ್ರಾಣಿ ತರುವ ಮೊದಲೇ ಇವನ್ನು ನೋಡಿ ಗೊತ್ತಿರುವ ಡಾಕ್ಟರ್ ಯಾರು ಅಂತ ಹುಡುಕಿಟ್ಟುಕೊಳ್ಳಿ. ನಾಯಿಗೆ ಕೊಡುವ ಪೆನಿಸಿಲಿನ್ ಜಾತಿಯ ಮಾತ್ರೆ ನುಂಗಿಸಿದರೆ ಗಿನಿಪಿಗ್ ಸತ್ತೇ ಹೋಗಬಹುದು. ಇನ್ನೊಂದು ತೊಂದರೆ ಅಂದರೆ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತವೆ. ಹೊರಗೆ ಕಾಣುವ ಮೊದಲೇ ತೂಕ ಇಳಿಯುತ್ತದೆ, ಅದಕ್ಕೇ ಭಾನುವಾರ ಅಡುಗೆಮನೆಯ ತಕ್ಕಡಿ ತೆಗೆಯುತ್ತೇವೆ. ಕಳೆದ ವರ್ಷ ಅಮ್ಮ ಗಿನಿಪಿಗ್ ಒಂದೇ ವಾರದಲ್ಲಿ 60 ಗ್ರಾಂ ಇಳಿದಿದ್ದಳು, ನೋಡಲು ಏನೂ ಆಗಿರಲಿಲ್ಲ. ದವಡೆ ಹಲ್ಲು ಚೂಪಾಗಿ ನಾಲಿಗೆಗೆ ತಾಗುತ್ತಿತ್ತಂತೆ.

ಫ್ರಿಜ್ಜಿನ ಬಾಗಿಲು ತೆಗೆದರೆ ಸಾಕು, ಮೂರೂ ಸೇರಿ ಸೀಟಿ ಹೊಡೆಯುತ್ತವೆ. ಪ್ಲಾಸ್ಟಿಕ್ ಕವರಿನ ಸರಸರ ಸದ್ದಾದರೂ ಅದೇ ಗಲಾಟೆ. ಮಗಳಿಗೆ ಈಗ ಹನ್ನೆರಡು. ತೂಕದ ಪುಸ್ತಕ ಅವಳ ಕೈಯಲ್ಲೇ ಇದೆ. ಈ ವಾರ ಗಿನಿಪಿಗ್ ಅಮ್ಮ 1,040, ಅಪ್ಪ 1,150, ಅವುಗಳ ಮಗಳು 985 ಗ್ರಾಂ. ಗೂಡು ಗುಡಿಸುವವನು ಮಾತ್ರ ಇನ್ನೂ ನಾನೇ.