ಗ್ಯಾಕ್ ಎಣ್ಣೆ: ಸೋಸೋದು ಬಿಟ್ಟ ಮೇಲೆ ಕೈಹಿಡಿಯಿತು

"ಹೊಟ್ಟೆಗೆ ತಗೊಂಡಿದ್ದು ಚರ್ಮಕ್ಕೆ ಬಿಸಿಲು ತಡೆಯುತ್ತಾ?" ಅಂದವರೇ ಈಗ ಬಾಟ್ಲಿ ಕೇಳ್ತಿದ್ದಾರೆ. ಗ್ಯಾಕ್ ಅಂದರೆ ಹಾಗಲದ ಜಾತಿಯ ಬಳ್ಳಿಯ ಹಣ್ಣು. ಅದರ ಕೆಂಪು ತಿರುಳನ್ನು ಕೊಬ್ಬರಿ ಎಣ್ಣೆಗೆ ಅರೆದು, ಬಿಸಿಲಿಗೆ ಚರ್ಮ ಸುಡದಿರಲಿ ಅಂತ ತಿನ್ನೋಕೆ ಮಾಡ್ತೀನಿ. ಬಳ್ಳಿ ಹಬ್ಬಿಸೋದು, ಗಂಡು ಹೂವಿನ ಪರಾಗ ಮುಟ್ಟಿಸೋದು ಗೊತ್ತಿರೋದೇ. ನೇರ ತಿರುಳಿಗೆ ಬರ್ತೀನಿ.

ಮೊದಲ ವರ್ಷ ಕೆಟ್ಟಿದ್ದು ಒಣಗಿಸೋದರಲ್ಲಿ. ನಮ್ಮ ಕೊಡಗಿನ ತೇವದಲ್ಲಿ ಕಣಕ್ಕೆ ಹರಡಿದರೆ ಎರಡೇ ದಿನಕ್ಕೆ ಬೂಷ್ಟು, ಬಿಸಿಲು ಬಿದ್ದರೆ ಬಣ್ಣವೇ ಹೋಗುತ್ತೆ. ಏನಿಲ್ಲವೆಂದರೂ 60 ಕಿಲೋ ಹಣ್ಣು ಗೊಬ್ಬರದ ಗುಂಡಿಗೆ ಹೋಯ್ತು. ಆಮೇಲೆ ಸುಮಾರು 28 ಸಾವಿರ ಕೊಟ್ಟು ಕರೆಂಟ್ ಡ್ರೈಯರ್ ತಂದೆ. ಹಣ್ಣೊಳಗಿನ ತಿರುಳನ್ನು ಬೀಜ ಸಮೇತ 60 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಲೋಳೆ ಬಿಗಿದು, ಕೆಂಪು ತಿರುಳು ಕೈಗೇ ಸುಲಿದು ಬರುತ್ತೆ. ಹಸಿಯಲ್ಲೇ ಕೆರೆಯಲು ಹೋದರೆ ಅರ್ಧ ಬೀಜಕ್ಕೇ ಅಂಟಿರುತ್ತೆ. ಬೀಜ ಒಡೆಯಬಾರದು, ಅದರಲ್ಲಿ ವಿಷವಿದೆ. ಸುಲಿದಿದ್ದನ್ನು ಮತ್ತೆ ಹತ್ತು ಗಂಟೆ ಒಣಗಿಸಿ. 70 ದಾಟಿತೋ, ಕಂದಾಗುತ್ತೆ. 30 ಕಿಲೋ ಹಣ್ಣಿಗೆ ಒಣ ತಿರುಳು ಕಷ್ಟಪಟ್ಟು ಒಂದು ಕಿಲೋ.

ಎರಡನೇ ವರ್ಷ ಕೆಟ್ಟಿದ್ದು ಸೋಸಿದ್ದರಿಂದ. ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಪರೀಕ್ಷೆಗೆ ಕಳಿಸಿದರೆ ಲೈಕೋಪೀನ್, ಅಂದರೆ ಬಿಸಿಲು ತಡೆಯೋಕೆ ಬೇಕಾದ ಆ ಕೆಂಪು ಬಣ್ಣದ ಅಂಶ, ತೀರಾ ಕಮ್ಮಿ. ಎಣ್ಣೆಗೆ ಅದು ಸ್ವಲ್ಪವೇ ಕರಗೋದು, ಉಳಿದದ್ದೆಲ್ಲ ನಾವು ಎಸೆದ ಗಸಿಯಲ್ಲಿ! ಈಗ ಸೋಸೋದೇ ಇಲ್ಲ. ಒಂದು ಕಿಲೋ ಒಣ ತಿರುಳಿಗೆ ಎರಡು ಕಿಲೋ ಎಣ್ಣೆ ಹಾಕಿ, ಗ್ರೈಂಡರಿನಲ್ಲಿ ನಾಲಿಗೆಗೆ ತರಿ ಸಿಗದಷ್ಟು ನುಣ್ಣಗೆ ಅರೆದು, ಬಾಟ್ಲಿಯನ್ನು ತಕ್ಷಣ ತಣ್ಣೀರಲ್ಲಿ ಇಳಿಸ್ತೀನಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತಲ್ಲ, ಪುಡಿ ತಳಕ್ಕೆ ಕೂರೋ ಮೊದಲೇ ಹಿಡಿದುಕೊಳ್ಳುತ್ತೆ. ಮಡಿಕೇರಿಯ ಚಳಿ ನಮಗೆ ಇಲ್ಲಿ ಲಾಭ. ಕಮಟು ತಡೆಯಲು ಇನ್ನೊಂದು ವಸ್ತು ಚಿಟಿಕೆ ಹಾಕ್ತೀನಿ, ಅದನ್ನು ಇಲ್ಲಿ ಹೇಳಲ್ಲ. ಕಂದು ಬಾಟ್ಲಿ, ಕತ್ತಿನವರೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕು ತಿಂಗಳು.

ದಿನಕ್ಕೆ ಒಂದು ದೊಡ್ಡ ಚಮಚ ಅನ್ನೋ ಅಳತೆ ನಂಬಿದ್ದಕ್ಕೆ ಕಾರಣ ಇದೆ. 2001ರಲ್ಲಿ ಜರ್ಮನಿಯವರು ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು, ಅಂದರೆ ಸುಮಾರು 16 ಮಿಲಿಗ್ರಾಂ ಲೈಕೋಪೀನನ್ನು, ಆಲಿವ್ ಎಣ್ಣೆ ಜೊತೆ ಕೊಟ್ಟು ನೋಡಿದ್ದರು. ನಾಲ್ಕು ವಾರಕ್ಕೆ ಏನೂ ಇಲ್ಲ, ಹತ್ತು ವಾರಕ್ಕೆ ಚರ್ಮ ಕೆಂಪಾಗೋದು 40% ಕಮ್ಮಿ. ನನ್ನ ಪೇಸ್ಟಲ್ಲಿ ಲೈಕೋಪೀನ್ ಗ್ರಾಮಿಗೆ ಒಂದು ಮಿಲಿಗ್ರಾಂ ಆಸುಪಾಸು, ಊಟದ ಜೊತೆ ಒಂದು ದೊಡ್ಡ ಚಮಚ ಸಾಕು. ಜನವರಿಯಲ್ಲಿ ಕಣದಲ್ಲಿ ಕಾಫಿ ಕೆದಕುವವರು ಅಕ್ಟೋಬರಿಗೇ ಶುರು ಮಾಡಬೇಕು. ಹದಿನೈದು ದಿನ ತಿಂದು "ಏನೂ ಆಗಲಿಲ್ಲ" ಅನ್ನೋರ ಮಾತು ಲೆಕ್ಕಕ್ಕಿಲ್ಲ. ಟೊಪ್ಪಿ, ತುಂಬುತೋಳು ಹೇಗೂ ಇರಲೇಬೇಕು. ಇದು ಅದರ ಮೇಲಿನದು. ಈ ಸಲ ಕುತ್ತಿಗೆ ಹಿಂದಿನ ಉರಿ, ಸಿಪ್ಪೆ ಏಳೋದು ಎರಡೂ ಇಳಿದಿವೆ.

ನಮ್ಮ ಕೊಡಗಿನ ಔಷಧಿ ಗಿಡ ಮದ್ದು ಸೊಪ್ಪನ್ನೂ ಹೀಗೇ ಎಣ್ಣೆಗೆ ಅರೆದು ನೋಡಿದೆ. ಕಕ್ಕಡ (ಆಟಿ) ತಿಂಗಳ ಹದಿನೆಂಟರಂದು ಮಾಡೋ ಪಾಯಸಕ್ಕೆ ಈ ಸೊಪ್ಪಿನಿಂದ ಬರೋ ನೇರಳೆ ಬಣ್ಣ ನೀರಿಗೇ ಬಿಡುತ್ತೆ, ಎಣ್ಣೆಗೆ ಇಳಿಯಲಿಲ್ಲ. ಕಷಾಯವಾಗಿಟ್ಟರೆ ಎರಡು ದಿನಕ್ಕೆ ಹುಳಿ.

ಅಂಗೈ ಹಳದಿಗೆ ತಿರುಗಿದರೆ ಚಮಚ ಅರ್ಧಕ್ಕಿಳಿಸಿ. ಗ್ಯಾಕಿನಲ್ಲಿ ಬೀಟಾ ಕ್ಯಾರೊಟಿನ್, ಅಂದರೆ ಕ್ಯಾರೆಟ್ಟಿನಲ್ಲಿರೋ ಕಿತ್ತಳೆ ಬಣ್ಣದ ಅಂಶ, ಕೂಡ ಜಾಸ್ತಿ. ಬೀಟಾ ಕ್ಯಾರೊಟಿನ್ ಮಾತ್ರೆ ತಗೊಂಡ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದು 1994ರ ಫಿನ್ಲೆಂಡ್ ಅಧ್ಯಯನದಲ್ಲಿ ಕಂಡಿತ್ತು. ಬೀಡಿ, ಸಿಗರೇಟು ಸೇದೋರು ಎಷ್ಟೇ ಕೇಳಿದರೂ ಬಾಟ್ಲಿ ಕೊಡಲ್ಲ.