ಒಂದು ಸನ್ನದಿಗೆ ಒಂದು ಹಾಳೆ: ಮಾರ್ನಿಂಗ್ಟನ್ ಬಿರುದಿನ ಬೆನ್ನು ಹತ್ತಿದ ನನ್ನ ಅನುಭವ

1799ರ ಶ್ರೀರಂಗಪಟ್ಟಣದ ಗೆಲುವಿಗೆ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ, ಅಂದರೆ ಎರಡನೆಯ ಮಾರ್ನಿಂಗ್ಟನ್ ಅರ್ಲ್‌ಗೆ, ಸಿಕ್ಕ ಮಾರ್ಕ್ವೆಸ್ ವೆಲ್ಲೆಸ್ಲಿ ಎಂಬ ಬಿರುದು ಇವತ್ತಿಗೂ ವೆಲಿಂಗ್ಟನ್ ಡ್ಯೂಕರ ಮನೆಯಲ್ಲಿದೆ ಎಂದು ನಮ್ಮ ಬಳಗದಲ್ಲಿ ಎಲ್ಲರೂ ನಂಬಿದ್ದರು. ಇಲ್ಲ, ಅದು 1842ರಲ್ಲೇ ಅಳಿದಿದೆ ಎಂದು ನಾನು ಹೇಳಿದಾಗ ಒಪ್ಪಿದವರು ಒಬ್ಬರೂ ಇರಲಿಲ್ಲ. ಅದನ್ನು ಕಾಗದದ ಮೇಲೆ ತೋರಿಸಲು ನನಗೆ ಮೂರು ವರ್ಷ ಹಿಡಿಯಿತು. ಈಗ ತೋರಿಸಿದ್ದೇನೆ.

ಪಾಳೆಯಗಾರರ ಮನೆತನಗಳ ವಂಶವೃಕ್ಷ ಬರೆದು ನನ್ನ ಕೈ ಪಳಗಿದೆ. ಆ ಧೈರ್ಯದಲ್ಲೇ ಐರ್ಲೆಂಡಿನ ವೆಲ್ಲೆಸ್ಲಿ ಮನೆತನಕ್ಕೆ ಕೈ ಹಾಕಿದೆ. ಮೊದಲ ತಪ್ಪು ಅಲ್ಲೇ ಆಯಿತು. ನಮ್ಮ ರೂಢಿಯಂತೆ ದೊಡ್ಡ ಡ್ರಾಯಿಂಗ್ ಹಾಳೆಯೊಂದರಲ್ಲಿ ಇಡೀ ಮನೆತನವನ್ನು ಬರೆದು, ಬಿರುದುಗಳನ್ನು ಬಣ್ಣದ ಗೆರೆಗಳಿಂದ ಎಳೆಯುತ್ತಾ ಹೋದೆ. ಒಂದು ಬಿರುದು ತಂದೆಯಿಂದ ಮಗನಿಗೆ ಹೋಗುತ್ತದೆ, ಇನ್ನೊಂದು ತಮ್ಮನಿಗೆ, ಮತ್ತೊಂದು ದಾಯಾದಿಗೆ, ಇನ್ನೂ ಒಂದು ಯಾರಿಗೂ ಹೋಗದೆ ನಿಂತುಬಿಡುತ್ತದೆ. ಆರು ತಿಂಗಳ ಕೊನೆಗೆ ಆ ಹಾಳೆಯನ್ನು ನನಗೇ ಓದಲಾಗಲಿಲ್ಲ.

ಎರಡನೆಯ ತಪ್ಪು ದುಬಾರಿಯದು. ಬಳಗದ ಹಿರಿಯರೊಬ್ಬರು, "ಆಸ್ತಿ ಎಲ್ಲಿ ಹೋಯಿತೋ ಬಿರುದೂ ಅಲ್ಲಿಗೇ ಹೋಗಿರುತ್ತದೆ, ಉಯಿಲುಗಳನ್ನು ಹಿಡಿಯಿರಿ" ಎಂದರು. ಈ ಮನೆತನದ ಆರಂಭದ ಕಥೆ ಅವರ ಮಾತಿಗೆ ಇಂಬು ಕೊಡುವಂತೆಯೇ ಇತ್ತು. ಮೀಥ್ ಪ್ರಾಂತದ ಡ್ಯಾಂಗನ್‌ನ ಒಡೆಯ ಗ್ಯಾರೆಟ್ ವೆಸ್ಲಿ (ವೆಲ್ಲೆಸ್ಲಿ ಎಂಬುದರ ಆಗಿನ ರೂಪ) 1728ರಲ್ಲಿ ನಿಸ್ಸಂತಾನನಾಗಿ ತೀರಿಕೊಂಡಾಗ, ತನ್ನ ಹೆಸರನ್ನೂ ಲಾಂಛನವನ್ನೂ ಇಟ್ಟುಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ರಿಚರ್ಡ್ ಕಾಲಿ ಎಂಬ ಬಂಧುವಿಗೆ ಬಿಟ್ಟಿದ್ದ. ಆದರೆ ಆಗ ಆ ಮನೆಯಲ್ಲಿ ಬಿರುದೇ ಇರಲಿಲ್ಲ ಎಂಬುದನ್ನು ನಾನು ಮರೆತೆ. ಅದು ಬಂದದ್ದು 1746ರಲ್ಲಿ, ಅದೇ ರಿಚರ್ಡನಿಗೆ ಬ್ಯಾರನ್ ಮಾರ್ನಿಂಗ್ಟನ್ ಎಂದು. ಅವನ ಮಗ ಗ್ಯಾರೆಟ್ 1760ರಲ್ಲಿ ಅದಕ್ಕಿಂತ ಮೇಲಿನ ಪದವಿಯಾದ ಅರ್ಲ್ ಆದ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ ಇವನೇ. ಇವನ ಬಗ್ಗೆ ಬೇರೆಯೇ ಬರೆಯಬೇಕು, ಅಷ್ಟು ಇಷ್ಟವಾದ ಮನುಷ್ಯ.

ಐರ್ಲೆಂಡಿನ ಹಳೆಯ ಉಯಿಲುಗಳದ್ದು ಬೇರೆಯೇ ಕಷ್ಟ. 1922ರ ಜೂನ್ 30ರಂದು ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟಾಗ ಬಹುಪಾಲು ಬೂದಿಯಾದವು. ಅದಕ್ಕೆ ಮೊದಲೇ ಅಲ್ಲಿನ ಲಾಂಛನ, ವಂಶಾವಳಿಗಳ ಅಧಿಕಾರಿ ವಿಲಿಯಂ ಬೆಥಮ್ ಮಾಡಿಟ್ಟಿದ್ದ ಸಾರಾಂಶಗಳೇ ನಮಗೆ ಗತಿ. ಇಂಗ್ಲೆಂಡಿನ ಉಯಿಲುಗಳಿಗಾಗಿ ಅಲ್ಲಿನ ಒಬ್ಬ ಹುಡುಕಾಟಗಾರನಿಗೆ ಸುಮಾರು ಆರು ಸಾವಿರ ರೂಪಾಯಿ ಕಳಿಸಿದೆ. ಮೂರನೆಯ, ನಾಲ್ಕನೆಯ, ಐದನೆಯ ಅರ್ಲ್‌ಗಳ ಹೆಸರು ಮೂವರದೂ ವಿಲಿಯಂ. ಮೊಮ್ಮಗನ ಉಯಿಲು ಕೇಳಿದರೆ ಅಜ್ಜನದು ಬಂತು. ಹಣ ವಾಪಸು ಬರಲಿಲ್ಲ. 1858ರ ಜನವರಿಯಿಂದ ಉಯಿಲುಗಳು ಚರ್ಚಿನ ನ್ಯಾಯಾಲಯಗಳಿಂದ ಸರ್ಕಾರದ ನ್ಯಾಯಾಲಯಕ್ಕೆ ಹೋದವು. 1863ರಲ್ಲಿ ತೀರಿಕೊಂಡ ಐದನೆಯ ಅರ್ಲ್‌ನ ಉಯಿಲನ್ನು ಹಳೆಯ ಕಡತದಲ್ಲಿ ಹುಡುಕಿಸಿದ ತಪ್ಪು ನನ್ನದೂ ಹೌದು. ಆಮೇಲೆ ಸುಮಾರು ನಾಲ್ಕು ಸಾವಿರ ಕೊಟ್ಟು ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಬಿರುದಾವಳಿ ಸಂಪುಟ 1863ಕ್ಕಿಂತ ಮುಂಚೆಯೇ ಅಚ್ಚಾದದ್ದಾಗಿತ್ತು. ರಟ್ಟು ಮಾತ್ರ ಚೆನ್ನಾಗಿತ್ತು.

ಅಂತೂ ಆಸ್ತಿಯ ಜಾಡು ಸಿಕ್ಕಿತು. ನಾಲ್ಕನೆಯ ಅರ್ಲ್ 1812ರಲ್ಲಿ ಭಾರಿ ಸಿರಿವಂತೆ ಕ್ಯಾಥರೀನ್ ಟಿಲ್ನಿ ಲಾಂಗಳನ್ನು ಮದುವೆಯಾಗಿ, ಅವಳ ವಾನ್‌ಸ್ಟೆಡ್ ಅರಮನೆಯನ್ನು ಸಾಲಕ್ಕೆ ಕಳೆದ. 1822ರಲ್ಲಿ ಸಾಮಾನುಗಳ ಹರಾಜಾಯಿತು, ಆಮೇಲೆ ಕಟ್ಟಡವನ್ನೇ ಕೆಡವಿ ಕಲ್ಲು ಮಾರಿದರು. ಹೆಂಡತಿ ಸತ್ತ ಮೇಲೆ ನ್ಯಾಯಾಲಯ ಮಕ್ಕಳನ್ನೂ ಅವನ ಕೈಗೆ ಕೊಡಲಿಲ್ಲ. ಅವನ ಮಗನಾದ ಐದನೆಯ ಅರ್ಲ್ ಮದುವೆಯಾಗದೆ 1863ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ವಿಲ್ಟ್‌ಷೈರ್‌ನಲ್ಲಿದ್ದ ತಾಯಿಯ ಕಡೆಯ ಡ್ರೇಕಾಟ್ ಆಸ್ತಿಯನ್ನು ತಂದೆಯ ದಾಯಾದಿ ಅರ್ಲ್ ಕೌಲಿಗೆ ಬರೆದಿಟ್ಟಿದ್ದ. ಕೌಲಿ ಆಗ ಪ್ಯಾರಿಸ್ಸಿನಲ್ಲೇ ಬ್ರಿಟಿಷ್ ರಾಯಭಾರಿ. ಎಲ್ಲವೂ ಹೊಂದಿಕೊಂಡಂತೆ ಕಂಡಿತು. ಮಾರ್ನಿಂಗ್ಟನ್ ಬಿರುದು ಕೌಲಿಗೆ ಹೋಯಿತೆಂದು ನಾನು ಶಾಯಿಯಲ್ಲೇ ಬರೆದುಬಿಟ್ಟೆ. ಅದು ಶುದ್ಧ ತಪ್ಪು. ಬಿರುದು ಹೋದದ್ದು ಎರಡನೆಯ ವೆಲಿಂಗ್ಟನ್ ಡ್ಯೂಕ್‌ಗೆ, ಆಸ್ತಿಯ ಒಂದು ಹಂಚೂ ಜೊತೆಗೆ ಹೋಗಲಿಲ್ಲ.

ಅಲ್ಲಿಂದ ನನ್ನ ವಿಧಾನ ಬದಲಾಯಿತು. ಉಯಿಲುಗಳನ್ನು ಕಟ್ಟಿಟ್ಟೆ. ಒಂದು ಸನ್ನದಿಗೆ, ಅಂದರೆ ಬಿರುದು ಕೊಟ್ಟ ಒಂದು ರಾಜಪತ್ರಕ್ಕೆ, ಒಂದು ಟ್ರೇಸಿಂಗ್ ಹಾಳೆ ಇಟ್ಟೆ. ಹಾಳೆಯ ತಲೆಯಲ್ಲಿ ಆ ಸನ್ನದು ಪಡೆದವನು ಮಾತ್ರ. ಅವನ ತಂದೆಯಾಗಲಿ ಅಣ್ಣತಮ್ಮಂದಿರಾಗಲಿ ಬರಕೂಡದು. ಕೆಳಗೆ ಅವನ ಔರಸ, ಅಂದರೆ ಮದುವೆಯಲ್ಲಿ ಹುಟ್ಟಿದ, ಗಂಡು ಸಂತಾನ, ಹಿರಿಯ ಕವಲು ಎಡಕ್ಕೆ. ಒಂದು ಕವಲು ಪೂರ್ತಿ ಒಣಗುವವರೆಗೆ ಬಲಕ್ಕೆ ಸರಿಯುವಂತಿಲ್ಲ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಬಿರುದುಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ತಾನಾಗಿ ಕಾಣುತ್ತದೆ. ಮೂವರು ವಿಲಿಯಂರನ್ನು ಒಂದೇ ನೋಟಕ್ಕೆ ಬೇರ್ಪಡಿಸುವ ಗುರುತೊಂದನ್ನು ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

1760ರ ಹಾಳೆಯ ತಲೆಯಲ್ಲಿ ಸಂಗೀತಗಾರ ಗ್ಯಾರೆಟ್. ಅವನ ಹಿರಿಯ ಮಗ, ನಮ್ಮ ಗವರ್ನರ್ ಜನರಲ್ ರಿಚರ್ಡ್, ಔರಸ ಮಕ್ಕಳಿಲ್ಲದೆ 1842ರಲ್ಲಿ ತೀರಿಕೊಂಡ. ಬಿರುದು ತಮ್ಮ ವಿಲಿಯಂಗೆ ಹೋಗಿ, ಮೂರು ತಲೆಮಾರಿಗೆ ಆ ಕವಲೂ ಮುಗಿಯಿತು. ಮುಂದಿನ ತಮ್ಮ ಆರ್ಥರ್, ವಾಟರ್‌ಲೂ ಗೆದ್ದ ಮೊದಲ ವೆಲಿಂಗ್ಟನ್ ಡ್ಯೂಕ್. ಆದ್ದರಿಂದ ಬಿರುದು ಅವನ ಮಗ ಎರಡನೆಯ ಡ್ಯೂಕ್‌ಗೆ. ಕೌಲಿಯ ತಂದೆ ಎಲ್ಲರಿಗಿಂತ ಕಿರಿಯ ತಮ್ಮ, ಅವನ ಸರದಿ ಬರಲೇ ಇಲ್ಲ. 1799ರ ಡಿಸೆಂಬರಿನ ಹಾಳೆಯಾದರೋ ರಿಚರ್ಡನಿಂದಲೇ ಆರಂಭ, ರಿಚರ್ಡನಲ್ಲೇ ಮುಕ್ತಾಯ. ಇಂಗ್ಲಿಷ್ ಬಿರುದಿನ ಬದಲು ಐರಿಷ್ ಮಾರ್ಕ್ವೆಸ್ ಪದವಿ ಕೊಟ್ಟರೆಂದು, ಇದು ಎರಡು ಬಾರಿ ಚಿನ್ನದ ನೀರು ಕೊಟ್ಟ ಆಲೂಗಡ್ಡೆ ಎಂದು ಅವನು ಕೊರಗಿದ್ದ ಬಿರುದು ಅದು. ಡ್ಯೂಕರ ಮನೆಯಲ್ಲಿ ಇಂದಿಗೂ ಉಳಿದಿರುವ ವೈಕೌಂಟ್ ವೆಲ್ಲೆಸ್ಲಿ ಎಂಬುದು 1760ರದು. ಹೆಸರು ಒಂದೇ ಆದದ್ದರಿಂದ ಎಲ್ಲರೂ ಮೋಸ ಹೋದರು.

ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ರಿಚರ್ಡನಿಗೆ ಹಯಸಿಂತ್ ರೋಲಾಂಡ್ ಎಂಬಾಕೆಯಲ್ಲಿ ಐವರು ಮಕ್ಕಳು, ಎಲ್ಲರೂ 1794ರ ಮದುವೆಗೆ ಮೊದಲೇ ಹುಟ್ಟಿದವರು. ಆಕ್ಸ್‌ಫರ್ಡಿನ ನ್ಯೂ ಇನ್ ಹಾಲ್‌ನ ಪ್ರಾಂಶುಪಾಲನಾದ ಹೆನ್ರಿ 1842ರಲ್ಲಿ ಬದುಕಿಯೇ ಇದ್ದ, ಆದರೂ ಬಿರುದು ಅವನನ್ನು ಮುಟ್ಟಲಿಲ್ಲ. ಹೆತ್ತವರ ಮದುವೆಯಿಂದ ಮಕ್ಕಳು ಔರಸರಾಗುವ ಸ್ಕಾಟ್ಲೆಂಡಿನ ಕಾನೂನನ್ನು ಹಚ್ಚಿ ಹಾಳೆ ಬರೆದೆ, ಆ ಹಾಳೆಯಲ್ಲಿ ಬಿರುದು ಉಳಿಯಿತು. ಇನ್ನೊಂದು ಹಾಳೆಯಲ್ಲಿ ಮೈಸೂರನ್ನಿಟ್ಟೆ. ರಿಚರ್ಡನೇ 1799ರಲ್ಲಿ ಪಟ್ಟ ಕೊಡಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡರು, ದೊಡ್ಡ ಹೋರಾಟದ ನಂತರ ಅದಕ್ಕೆ ಮನ್ನಣೆ ಸಿಕ್ಕಿ ಸಿಂಹಾಸನ ಉಳಿಯಿತು. ಪಟ್ಟ ಕೊಡಿಸಿದವನ ಬಿರುದಿಗೆ ದತ್ತಿನ ಆ ದಾರಿಯೇ ಇರಲಿಲ್ಲ. ಈ ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟು ನಾನು ಬಹಳ ಹೊತ್ತು ಕುಳಿತಿದ್ದೆ.

ವಿಧಾನದ ನಿಜವಾದ ಪರೀಕ್ಷೆ 1943ರದು. ಆರನೆಯ ಡ್ಯೂಕ್ ಮದುವೆಯಾಗದೆ ಇಟಲಿಯ ಸಲೆರ್ನೊದಲ್ಲಿ ಯುದ್ಧದಲ್ಲಿ ಮಡಿದ. ಉತ್ತರ ನೋಡದೆ ಹಾಳೆಗಳನ್ನು ಹಾಕಿದೆ. ಬ್ರಿಟನ್ನಿನ, ಐರ್ಲೆಂಡಿನ ಬಿರುದುಗಳು ಚಿಕ್ಕಪ್ಪನಿಗೆ ಬಂದವು, ಹೆಣ್ಣುಮಕ್ಕಳಿಗೂ ಹಕ್ಕಿರುವ ಸ್ಪೇನಿನ ಸಿಯುದಾದ್ ರೊದ್ರಿಗೊ ಬಿರುದು ಅಕ್ಕನಿಗೆ ಬಂತು. ಆದದ್ದೂ ಹಾಗೆಯೇ, ಅಕ್ಕ 1949ರಲ್ಲಿ ಅದನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟಳು.

ಒಟ್ಟು ಖರ್ಚು ಹದಿನೆಂಟು ಸಾವಿರದ ಆಸುಪಾಸು. ಅದರಲ್ಲಿ ಟ್ರೇಸಿಂಗ್ ಹಾಳೆಗಳದ್ದು ಮುನ್ನೂರೂ ದಾಟಲಿಲ್ಲ. ಕಳೆದ ತಿಂಗಳು ಆ ಹಿರಿಯರು ಮನೆಗೆ ಬಂದು ಹಾಳೆಗಳನ್ನು ಕಿಟಕಿಗೆ ಹಿಡಿದು ಎರಡು ಗಂಟೆ ನೋಡಿದರು. ಹೊರಡುವಾಗ 1799ರ ಹಾಳೆಯದೊಂದು ಪ್ರತಿ ಕೇಳಿದರು. ಅಂದೇ ಸಂಜೆ ತೆಗೆಸಿ ಕೊಟ್ಟೆ.