ನೀರು ಯಾರದು ಅಂತ ಕೇಳುತ್ತಾ ಓದಿದ್ದು

ಯಾವ ಕಾದಂಬರಿ ಕೈಗೆತ್ತಿಕೊಂಡರೂ ನಾನು ಹುಡುಕೋದು ಒಂದೇ. ಇಲ್ಲಿ ನೀರು, ಅನ್ನ ಎಲ್ಲಿಂದ ಬರುತ್ತೆ? ಅದಕ್ಕಾಗಿ ದುಡಿಯೋರು ಯಾರು? ನಮ್ಮೂರು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರು ಭತ್ತಕ್ಕೆ ಹರಿಸಿಕೊಂಡು ಉಳಿದರೆ ನಮಗೆ. ಸಿಕ್ಕಸಿಕ್ಕವರನ್ನೆಲ್ಲ ಗೇಜ್ (ಕಾಲುವೆಯ ನೀರಿನ ಮಟ್ಟ) ಎಷ್ಟಿದೆ ಅಂತ ಕೇಳೋ ಊರಲ್ಲಿ ಬೆಳೆದವನಿಗೆ ಈ ಚಾಳಿ ಅಂಟದೆ ಇರುತ್ತಾ?

ಮುನ್ನುಡಿ ನಾನು ಕೊನೆಗೆ ಓದುತ್ತೇನೆ. ಅಧ್ಯಾಯ ಮುಗಿದ ಕೂಡಲೇ ನೋಟ್‌ಬುಕ್‌ನಲ್ಲಿ ಒಂದೆರಡು ಸಾಲು. ಕತೆಯ ಸಾರಾಂಶ ಅಲ್ಲ, ನನಗೆ ಏನನ್ನಿಸಿತು ಅಂತ. ಬೇರೆಯವರ ವಿಮರ್ಶೆ ಏನಿದ್ದರೂ ಆಮೇಲೆ.

ಫ್ರಾಂಕ್ ಹರ್ಬರ್ಟ್‌ನ 'ಡ್ಯೂನ್' (1965) ಓದಿದ್ದು ಮೇ ತಿಂಗಳ ಮಧ್ಯಾಹ್ನಗಳಲ್ಲಿ. ರಾಯಚೂರಿನ ಮೇ ಗೊತ್ತಲ್ವಾ, ಕೂಲರ್ ಕೂಡ ಬಿಸಿಗಾಳಿ ಬಿಡುತ್ತೆ. ಕತೆ ನಡೆಯೋ ಅರಾಕಿಸ್ ಅನ್ನೋದು ಮರಳಿನ ಗ್ರಹ. ಬೆವರನ್ನೇ ಮತ್ತೆ ಕುಡಿಯೋ ನೀರು ಮಾಡುವ ಉಡುಪಿನ ಬಗ್ಗೆ ಎಲ್ಲರೂ ಹೇಳ್ತಾರೆ. ನನ್ನನ್ನು ತಡೆದು ನಿಲ್ಲಿಸಿದ್ದು ಅಲ್ಲಿನ ಒಂದು ಊಟದ ಪದ್ಧತಿ. ದೊಡ್ಡಮನೆಗೆ ಬಂದ ಅತಿಥಿಗಳು ಬೋಗುಣಿಯಲ್ಲಿ ಕೈ ಅದ್ದಿ, ಒಂದಿಷ್ಟು ನೀರು ನೆಲಕ್ಕೆ ಚೆಲ್ಲಿ, ಕೈ ಒರೆಸಿದ ಟವೆಲ್ ಅಲ್ಲೇ ಬಿಸಾಕ್ತಾರೆ. ಊಟ ಆದಮೇಲೆ ಆ ಟವೆಲ್ ಹಿಂಡಿದ ನೀರಿಗೆ ಬಡವರು ಬಾಗಿಲಲ್ಲಿ ಕಾಯಬೇಕು. ಹೊಸದಾಗಿ ಬಂದ ದೊರೆ ಇದನ್ನ ನಿಲ್ಲಿಸುತ್ತಾನೆ. 'ನೀರು ಇಲ್ಲದ್ದಕ್ಕಿಂತ ಚೆಲ್ಲಿ ತೋರಿಸೋದು ಜಾಸ್ತಿ ಉರಿಸುತ್ತೆ' ಅಂತ ಬರೆದುಕೊಂಡೆ. ಆ ದೊರೆಯ ಮಗ ಅವತಾರಪುರುಷ ಆಗೋ ಭಾಗ ಮಾತ್ರ ನನಗೆ ರುಚಿಸಲಿಲ್ಲ. ಸುಮ್ನೆ ಪುಟ ತಿರುವಿದೆ.

ಎಚ್. ಜಿ. ವೆಲ್ಸ್‌ನ 'ದಿ ಟೈಮ್ ಮಷೀನ್' (1895) ನಡೆಯೋದು 8,02,701ನೇ ಇಸವಿಯಲ್ಲಿ. ನೆಲದ ಮೇಲೆ ಎಲಾಯ್ ಜನ ಹಣ್ಣು ತಿಂದು ಆಡಿಕೊಂಡಿದ್ದಾರೆ. ದುಡಿಯೋರೇ ಕಾಣೋಲ್ಲ. ಬಾವಿಯಂಥ ಗುಂಡಿಗಳಿಂದ ಯಂತ್ರದ ಸದ್ದು ಮಾತ್ರ ಬರುತ್ತೆ. ನಮ್ಮ ಕಾಕಾ ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದವರು. ಕೆಳಗೆ ಯಾರೋ ಶಿಫ್ಟ್‌ನಲ್ಲಿದ್ದಾರೆ ಅಂತ ಆ ಪುಟದಲ್ಲೇ ಅನ್ನಿಸಿತು. ಕಾಲಯಾತ್ರಿಕ ಕೆಳಗಿಳಿದು ಕಡ್ಡಿ ಗೀರಿದರೆ ಮೇಜಿನ ಮೇಲೆ ಮಾಂಸ! ಮೇಲೆ ದನ, ಕುರಿ ಒಂದೂ ಉಳಿದಿಲ್ಲ. ಹಾಗಾದ್ರೆ ಯಾರ ಮಾಂಸ? ವೆಲ್ಸ್ ತಕ್ಷಣ ಹೇಳೋಲ್ಲ. ನಾನು ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿಬಂದೆ.

ಅದರ ಬೆನ್ನಿಗೇ ಬೇಕಂತ ಕಾರಂತರ 'ಚೋಮನ ದುಡಿ' (1933) ಮತ್ತೆ ಓದಿದೆ. ಅದು ಕರಾವಳಿ, ಮಳೆಗೇನೂ ಬರ ಇಲ್ಲ. ಚೋಮನ ಹತ್ತಿರ ಎತ್ತುಗಳಿವೆ, ದುಡಿಯೋ ಕೈಯೂ ಇದೆ. ಆದರೆ ಅವನ ಜಾತಿಯವರು ಸ್ವಂತಕ್ಕೆ ಬೇಸಾಯ ಮಾಡುವಂತಿಲ್ಲ. ನೀರಿದ್ದರೆ ಎಲ್ಲ ಸರಿಹೋಗುತ್ತೆ ಅಂದುಕೊಂಡು ಬೆಳೆದ ನನ್ನಂಥವರಿಗೆ ಇದು ಅರಗೋದು ಕಷ್ಟ.

"ಹಿಂಗ ಲೆಕ್ಕ ಹಾಕ್ಕೋಂತ ಓದಿದ್ರ ಕಥಿ ಮಜಾ ಏನ್ ಉಳೀತದೋ ಮಾರಾಯಾ?" ಅಂತಾನೆ ಗೆಳೆಯ. ಅಸಿಮೋವ್‌ನ 'ಫೌಂಡೇಶನ್' ವಿಷಯದಲ್ಲಿ ಅವನ ಮಾತು ನಿಜ. ಗ್ಯಾಲಕ್ಸಿ ಸಾಮ್ರಾಜ್ಯದ ರಾಜಧಾನಿ ಗ್ರಹ ಟ್ರಾಂಟರ್‌ಗೆ 20 ಗ್ರಹಗಳಿಂದ ದಿನಾ ಊಟ ಬರುತ್ತೆ. ಅಲ್ಲಿನ ರೈತ ಯಾವಾಗ ಬಾಯಿ ಬಿಡ್ತಾನೆ ಅಂತ ಕಾಯುತ್ತಲೇ ನನ್ನ ಪುಸ್ತಕ ಮುಗಿಯಿತು.